ಊರು ಬಿಟ್ಟು ಬಂದ ಹೆಣ್ಣುಮಕ್ಕಳ ಮನಸ್ಸು

ಪ್ರಶ್ನೆ: ನಾನು ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು. ವಯಸ್ಸು 24. ಮುಂಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲವು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಬಿಗಿಯುತ್ತದೆ, ಕೈ ತಣ್ಣಗಾಗುತ್ತದೆ, ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಆರ್‌ಸಿ (ಟಿಬೆಟನ್ನರು ಇಲ್ಲಿರಲು ಬೇಕಾದ ನೋಂದಣಿ ಪತ್ರ) ನವೀಕರಣದ ದಿನ ಹತ್ತಿರ ಬಂದರೆ ನಿದ್ದೆಯೇ ಇಲ್ಲ. ಅಮ್ಮ ‘ನಿಮ್ಮಜ್ಜ ಹಿಮದಲ್ಲಿ ನಡೆದು ಬಂದರು, ನಿನಗೇನು ಕಷ್ಟ’ ಅನ್ನುತ್ತಾರೆ. ಮನೋವೈದ್ಯರ ಹತ್ತಿರ ಹೋದರೆ ಕೆಲಸಕ್ಕೂ ಕಾಗದಪತ್ರಕ್ಕೂ ಕುತ್ತು ಬಂದೀತೇ, ಡಾಕ್ಟರೇ?
— ಹೆಸರು ಬೇಡ, ಪರೇಲ್

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದಿರುವುದು ಬಹುಮಟ್ಟಿಗೆ ಪ್ಯಾನಿಕ್ ಅಟ್ಯಾಕ್‌ನ (ಎದುರಿಗೆ ಅಪಾಯವಿಲ್ಲದಿದ್ದರೂ ದೇಹ ಎಚ್ಚರಿಕೆಯ ಗಂಟೆ ಬಾರಿಸುವುದು) ಚಿತ್ರ. ಆ ಹೊತ್ತಿನಲ್ಲಿ ಸಾವೇ ಬಂತು ಅನ್ನಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ಏರುವಷ್ಟು ಏರಿ ಇಳಿಯತೊಡಗುತ್ತದೆ. ಆದರೂ ಒಮ್ಮೆ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿಬಿಡಿ. ದಿನವೂ ಬೇರೆಯವರ ರಕ್ತ ತೆಗೆಯುವ ನರ್ಸ್‌ಗಳು ತಮ್ಮದನ್ನು ಮಾತ್ರ ಪರೀಕ್ಷೆಗೆ ಕೊಡುವುದೇ ಇಲ್ಲ.

ಅಮ್ಮನ ಮಾತಿಗೆ ನೊಂದುಕೊಳ್ಳಬೇಡಿ. ಅಜ್ಜನ ದಾರಿ ಘೋರವಾಗಿತ್ತು, ಸುಳ್ಳಲ್ಲ. ಆದರೆ 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ನೆಲೆ ಕೊಟ್ಟಾಗ ಆ ನಡಿಗೆ ಒಂದು ಕಡೆ ನಿಂತಿತು. ನಿಮ್ಮ ಆತಂಕ ಮಾತ್ರ ನವೀಕರಣದಿಂದ ನವೀಕರಣಕ್ಕೆ ಮುಂದುವರಿಯುತ್ತಲೇ ಇದೆ. ಹುಟ್ಟಿದ ನೆಲದಲ್ಲೇ ಇರಲು ಮತ್ತೆ ಮತ್ತೆ ಅನುಮತಿ ಕೇಳುವವರಿಗೆ ನಿದ್ದೆ ಕೆಟ್ಟರೆ ನನಗಂತೂ ಆಶ್ಚರ್ಯವಿಲ್ಲ. ಅಮ್ಮನಿಗೆ ‘ಪ್ಯಾನಿಕ್’ ಅರ್ಥವಾಗದಿದ್ದರೆ ‘ಸೋಗ್‌ಲುಂಗ್’ (ಪ್ರಾಣವಾಯು ಕೆಡುವುದು, ನಿಮ್ಮ ಸಾಂಪ್ರದಾಯಿಕ ವೈದ್ಯರು ಹೇಳುವ ಕಾಯಿಲೆ) ಇದ್ದಂತಿದೆ ಅನ್ನಿ. ಅದನ್ನು ಅವರು ಹಗುರವಾಗಿ ತೆಗೆದುಕೊಳ್ಳಲಾರರು.

ಕಾಗದದ ಚಿಂತೆಯನ್ನು ರಾತ್ರಿಯಿಂದ ಹಗಲಿಗೆ ತನ್ನಿ. ಎಲ್ಲ ಪ್ರತಿಗಳೂ ಒಂದೇ ಫೈಲಿನಲ್ಲಿರಲಿ. ವಾರಕ್ಕೊಮ್ಮೆ, ಡ್ಯೂಟಿ ಇಲ್ಲದ ದಿನ ಬೆಳಿಗ್ಗೆ ಅರ್ಧ ಗಂಟೆ ಅದಕ್ಕೆ ಕೊಡಿ. ಹಾಸಿಗೆಯಲ್ಲಿ ನೆನಪಾದರೆ ಚೀಟಿಯಲ್ಲಿ ಬರೆದಿಟ್ಟು ಆ ದಿನಕ್ಕೆ ಬಿಡಿ. ಇನ್ನೊಂದು ವಿಷಯ: 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ನಿಮ್ಮ ತಾಯಿಯೋ ತಂದೆಯೋ ಆ ಅವಧಿಯಲ್ಲಿ ಇಲ್ಲಿ ಹುಟ್ಟಿದವರಾಗಿದ್ದರೆ, 2004ರ ಡಿಸೆಂಬರ್‌ಗೆ ಮೊದಲು ಹುಟ್ಟಿದ ನಿಮಗೂ ಅದರ ಫಲ ಸಿಗಬಹುದು. ಆತುರ ಬೇಡ. ಮನೆಯವರೊಂದಿಗೆ ಮಾತಾಡಿ, ವಕೀಲರೊಬ್ಬರನ್ನು ಕೇಳಿ.

ಎದೆ ಬಿಗಿದಾಗ ಎರಡೂ ಪಾದ ನೆಲಕ್ಕೆ ಒತ್ತಿ ಕುಳಿತುಕೊಳ್ಳಿ. ಮೂಗಿನಿಂದ ಮೂರು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಾಯಿಂದ ಬಿಡಿ. ಇದನ್ನು ಚೆನ್ನಾಗಿರುವ ದಿನಗಳಲ್ಲೇ ರೂಢಿ ಮಾಡಿಕೊಳ್ಳಿ. ಗಾಬರಿ ಬಂದಾಗ ಹೊಸದಾಗಿ ಕಲಿಯಲು ಹೊರಟರೆ ಆಗದು.

ಇನ್ನು ನಿಮ್ಮ ದೊಡ್ಡ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಮನೋಚಿಕಿತ್ಸೆಯ ಹಕ್ಕನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ, ಅದಕ್ಕೆ ಪೌರತ್ವ ಬೇಕಿಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವೇ ಸಂದರ್ಭ ಬಿಟ್ಟರೆ ಮಾಲೀಕರಿಗಾಗಲಿ ಕಚೇರಿಗಾಗಲಿ ಅವರು ತಿಳಿಸುವಂತಿಲ್ಲ. ಮುಜುಗರವಾದರೆ ನೀವು ಕೆಲಸ ಮಾಡುವ ಕಡೆ ಬೇಡ. ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳು, ಎಲ್ಲ ಕಡೆ ಮನೋವೈದ್ಯಕೀಯ ಓಪಿಡಿ ಇದೆ, ಕೇಸ್‌ಪೇಪರ್ ಮಾಡಿಸಿದರಾಯಿತು. ಅಷ್ಟರೊಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನವಿಡೀ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಫ್ಘಾನಿಸ್ತಾನದ ಹುಡುಗಿಯೊಬ್ಬಳು ಪೇಯಿಂಗ್ ಗೆಸ್ಟ್. ಕಲಿನಾದ ಮುಂಬೈ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. ರಾತ್ರಿ ಎರಡಾದರೂ ಫೋನ್ ನೋಡುತ್ತ ಕೂತಿರುತ್ತಾಳೆ, ಸರಿಯಾಗಿ ಉಣ್ಣುವುದಿಲ್ಲ. ಏನಾಯಿತೆಂದು ಕೇಳಲೇ, ಮರೆತುಬಿಡು ಎನ್ನಲೇ?
— ಗೃಹಿಣಿ, ಸಾಂತಾಕ್ರೂಜ್ ಪೂರ್ವ

ಉತ್ತರ: ಎರಡೂ ಬೇಡ, ತಾಯಿ. ನಿಮ್ಮ ಕಳಕಳಿ ದೊಡ್ಡದು, ಆದರೆ ನಡೆದದ್ದನ್ನು ಕೆದಕಿದರೆ ಗಾಯ ಹಸಿಯಾಗುತ್ತದೆ. ಮರೆತುಬಿಡು ಅಂದರೆ ಅವಳಿಗೆ ನಿಮ್ಮ ಹತ್ತಿರ ಬಾಯಿ ಬಿಡುವ ದಾರಿಯೇ ಮುಚ್ಚುತ್ತದೆ. ‘ಊಟಕ್ಕೆ ಬಾ, ಮಾತಾಡಬೇಕು ಅನ್ನಿಸಿದರೆ ನಾನು ಇಲ್ಲೇ ಇರುತ್ತೇನೆ’ ಅನ್ನಿ. ಅಷ್ಟು ಸಾಕು.

ತಾಲಿಬಾನ್ ಆಡಳಿತ 2021ರಲ್ಲಿ ಆರನೆಯ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆ ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವನ್ನೂ ಮುಚ್ಚಿತು. ಮನೆಯಲ್ಲಿ ತಂಗಿಯರಿದ್ದರೆ, ತಾನು ಓದುತ್ತಿದ್ದೇನೆ, ಅವರು ಗೋಡೆಗಳೊಳಗೆ ಉಳಿದರು ಎಂಬ ಸಂಕಟ (ಪಾರಾದವರ ಅಪರಾಧಿ ಭಾವ) ತುತ್ತನ್ನು ಗಂಟಲಲ್ಲೇ ಹಿಡಿಯುತ್ತದೆ. ಅದನ್ನು ವಾದ ಮಾಡಿ ತೆಗೆಯಲಾಗದು.

ಕಾಬೂಲಿನ ಗಡಿಯಾರ ನಮಗಿಂತ ಒಂದು ಗಂಟೆ ಮಾತ್ರ ಹಿಂದೆ. ನಮ್ಮ ರಾತ್ರಿ ಎರಡಕ್ಕೆ ಅಲ್ಲಿಯೂ ಮನೆಯವರು ಮಲಗಿರುತ್ತಾರೆ, ಅವಳು ನೋಡುವುದು ಬಹುಶಃ ಸುದ್ದಿ, ವಿಡಿಯೊ. ಸಂಜೆ ಒಂದು ಹೊತ್ತು ಗೊತ್ತುಮಾಡಿ ಮನೆಗೆ ಮಾತಾಡುವುದು, ಆಮೇಲೆ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕುವುದು: ಇದನ್ನು ನೀವೂ ಮಾಡಿ, ಅವಳನ್ನೂ ಕರೆಯಿರಿ. ಒಂದು ಭಾನುವಾರ ಅಡುಗೆಮನೆ ಅವಳಿಗೆ ಬಿಟ್ಟುಕೊಡಿ. ಮಾಂಸ ನಿಮ್ಮಲ್ಲಿ ನಡೆಯದಿದ್ದರೂ ಅಡ್ಡಿಯಿಲ್ಲ. ಬೊಲಾನಿ (ಆಲೂಗಡ್ಡೆ ತುಂಬಿದ ಅಫ್ಘನ್ ರೊಟ್ಟಿ) ನಮ್ಮ ಆಲೂ ಪರಾಠದ ಅಕ್ಕನಂತಿದೆ.

ಅವಳು ಬದುಕು ಸಾಕು ಅಂದರೆ, ವಸ್ತುಗಳನ್ನು ಹಂಚತೊಡಗಿದರೆ, ಒಬ್ಬಳನ್ನೇ ಬಿಡಬೇಡಿ. ‘ಸಾಯುವ ಯೋಚನೆ ಬರುತ್ತದೆಯೇ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಸಂಘದ ಮಹಿಳಾ ವಿಭಾಗದಿಂದ ಹೀಗೆ ಊರು ಬಿಟ್ಟು ಬಂದ ಹುಡುಗಿಯರಿಗೆ ಏನಾದರೂ ಮಾಡಬೇಕೆಂದಿದ್ದೇವೆ. ನಮ್ಮಲ್ಲಿ ಯಾರೂ ಮನಶ್ಶಾಸ್ತ್ರ ಓದಿದವರಲ್ಲ. ತಪ್ಪಾದೀತೇ?
— ಕಾರ್ಯಕರ್ತೆ, ಮುಲುಂಡ್

ಉತ್ತರ: ಹಿಂಜರಿಕೆ ಒಳ್ಳೆಯದೇ, ಆದರೆ ಅದು ನಿಮ್ಮನ್ನು ತಡೆಯದಿರಲಿ. ಉಗಾಂಡದ ರೈನೋ ಕ್ಯಾಂಪಿನಲ್ಲಿ ದಕ್ಷಿಣ ಸುಡಾನಿನ ನಿರಾಶ್ರಿತ ಹೆಂಗಸರನ್ನು ಗುಂಪಾಗಿ ಕೂರಿಸಿ, ಧ್ವನಿಮುದ್ರಣ ಕೇಳಿಸಿ, ಐದು ಬೈಠಕ್‌ಗಳಲ್ಲಿ ಒತ್ತಡ ನಿಭಾಯಿಸುವುದನ್ನು ಕಲಿಸಲಾಯಿತು. ನಡೆಸಿದವರು ಅಲ್ಪ ತರಬೇತಿ ಪಡೆದ ಸಾಮಾನ್ಯರು. ಮೂರು ತಿಂಗಳ ನಂತರವೂ ಸಂಕಟ ತಗ್ಗಿತ್ತು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದೇ ಪಾಠಗಳ ಸಚಿತ್ರ ಪುಸ್ತಕವನ್ನು ವಿಶ್ವ ಆರೋಗ್ಯ ಸಂಸ್ಥೆ ಉಚಿತವಾಗಿ ಕೊಡುತ್ತದೆ.

‘ಮಾನಸಿಕ ಶಿಬಿರ’ ಎಂದು ಬೋರ್ಡ್ ಹಾಕಿದರೆ ಯಾರೂ ಬರಲಾರರು. ಹೊಲಿಗೆಯೋ ಮರಾಠಿ ಮಾತಾಡಲು ಕಲಿಸುವುದೋ ನೆಪವಾಗಿರಲಿ. ದೇಶವಿಭಜನೆಯ ನಂತರ ಉಲ್ಲಾಸ್‌ನಗರದ ಕ್ಯಾಂಪುಗಳಿಗೆ ಬಂದ ಸಿಂಧಿ ಹೆಂಗಸರು ಹಪ್ಪಳ ಲಟ್ಟಿಸುತ್ತ ಹೊಟ್ಟೆಪಾಡು ನೋಡಿಕೊಂಡರು. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಸ್ಟೇಷನ್ನಿಗೆ ಹತ್ತಿರದ ಜಾಗ, ಕತ್ತಲಾಗುವ ಮೊದಲು ಮುಗಿಯುವ ಸಮಯ, ಗಂಭೀರ ತೊಂದರೆ ಇದ್ದವರನ್ನು ಕಳಿಸಲು ಮೊದಲೇ ಮಾತಾಡಿಟ್ಟ ಒಬ್ಬ ವೈದ್ಯರು ಇರಲಿ. ದಯವಿಟ್ಟು ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಯಾರ ಕಣ್ಣಿಗೆ ಬಿದ್ದು ಊರಲ್ಲಿ ಉಳಿದ ಅವರ ಮನೆಯವರಿಗೆ ಏನು ತಂದೀತೋ ಹೇಳಲಾಗದು.