ಒಕ್ಕಣೆಯ ಧೂಳು ಹಗಲು, ಉಬ್ಬಸ ರಾತ್ರಿ: ಏಕೆ?



ಹಗಲೆಲ್ಲಾ ರಾಗಿ ತೂರುತ್ತೀರಿ. ಆಗ ನಾಲ್ಕು ಸೀನು ಬಂದು ನಿಲ್ಲುತ್ತದೆ. ಕೆಲವರಿಗೆ ರಾತ್ರಿ ಮಲಗಿದ ಮೇಲೆ ಎದೆ ಬಿಗಿದು ಉಬ್ಬಸ ಹತ್ತುತ್ತದೆ. ಧೂಳು ಹೊಕ್ಕದ್ದು ಹಗಲು. ಉಬ್ಬಸ ರಾತ್ರಿ ಬರುವುದೇಕೆ? ಇದನ್ನು ತಿಳಿದವರು ಔಷಧವನ್ನು ನಡುವೆ ಬಿಡುವುದಿಲ್ಲ.

ಧೂಳು, ಬೂಷ್ಟು, ಪಾರ್ಥೇನಿಯಂ ಹೂವಿನ ಪರಾಗ ಕೆಲವರ ಮೈಗೆ ಒಗ್ಗುವುದಿಲ್ಲ. ಇದೇ ಅಲರ್ಜಿ. ಒಗ್ಗದ ವಸ್ತು ಹೊಕ್ಕ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಂದು ಸೀನು, ತುರಿಕೆ ತರುತ್ತದೆ. ಎರಡನೆಯ ಹಂತ ಬರುವುದು ಸುಮಾರು 4ರಿಂದ 8 ಗಂಟೆಗಳ ಮೇಲೆ.

ಆಗ ನಡೆಯುವುದಿಷ್ಟು. ಬಿಳಿ ರಕ್ತಕಣಗಳು ರಕ್ತದೊಡನೆ ಹರಿದುಹೋಗುತ್ತಿರುತ್ತವೆ. ಅಲರ್ಜಿಯಾದಾಗ ಶ್ವಾಸನಾಳದ ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ ಅಂಟು ಅಣುಗಳು ಮೂಡುತ್ತವೆ. ಬದುವಿನ ಉತ್ತರಾಣಿ ಕಾಳು ಪಂಚೆಗೆ ಹತ್ತಿಕೊಳ್ಳುವಂತೆ ರಕ್ತಕಣಗಳು ಇವಕ್ಕೆ ಹತ್ತಿಕೊಳ್ಳುತ್ತವೆ. ಸೆಲೆಕ್ಟಿನ್ ಎಂಬ ಅಂಟು ಅವುಗಳ ಓಟವನ್ನು ತಗ್ಗಿಸುತ್ತದೆ. ಐಕ್ಯಾಮ್, ವಿಕ್ಯಾಮ್ ಎಂಬವು ಬಿಗಿಯಾಗಿ ಹಿಡಿಯುತ್ತವೆ. ನಿಂತ ರಕ್ತಕಣಗಳು ಗೋಡೆಯ ಸಂದಿನಲ್ಲಿ ನುಸುಳಿ ಶ್ವಾಸನಾಳದ ಪದರಕ್ಕೆ ಬರುತ್ತವೆ. ಅಲ್ಲಿ ಊತವೂ ಕಫವೂ ಹೆಚ್ಚಿ ಉಸಿರಿನ ದಾರಿ ಕಿರಿದಾಗುತ್ತದೆ.

ಈ ಅಂಟನ್ನು ಪೂರ್ತಿ ತೆಗೆದುಬಿಡಬಾರದೇ ಎಂದು ಕೇಳಬಹುದು. ಗಾಯವಾದಾಗ, ಸೋಂಕು ತಗಲಿದಾಗ ಕಾವಲಿಗೆ ಬರುವ ರಕ್ತಕಣಗಳಿಗೂ ಇಂಥ ಅಂಟೇ ಬೇಕು. ಹುಟ್ಟಿನಿಂದ ಇದರ ಕೊರತೆಯಿರುವ ಮಕ್ಕಳಿಗೆ ಮೇಲಿಂದ ಮೇಲೆ ಸೋಂಕು ತಗಲುತ್ತದೆ. ಆದ್ದರಿಂದ ಅದನ್ನು ಹದದಲ್ಲಿಡುವುದೇ ಸರಿ.

ಸಾಲ್ಬುಟಮಾಲ್ ಸೇದಿದರೆ ಬಿಗಿದ ನಾಳ ಸಡಿಲವಾಗುತ್ತದೆ; ಒಳಗಿನ ಊತ ಹೋಗುವುದಿಲ್ಲ. ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇನ್‌ಹೇಲರು ಅಂಟು ಮೂಡಿಸುವ ಸಂಕೇತಗಳನ್ನೇ ತಗ್ಗಿಸುತ್ತದೆ. ಇದರ ಪೂರ್ಣ ಗುಣ ಕಾಣಲು ವಾರಗಳು ಬೇಕು. “ಉಸಿರು ಸರಿಹೋಯಿತಲ್ಲ” ಎಂದು ಬಿಟ್ಟರೆ ಊತ ಮರಳುತ್ತದೆ. ಮುಂದಿನ ಒಕ್ಕಣೆಯ ರಾತ್ರಿ ಪ್ರಾಣಕ್ಕೇ ಸಂಚಕಾರ ಬರಬಹುದು.

ನೆನಪಿಡಿ:

1. ತೂರುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಿರಿ; ಮೂಗು ಬಾಯಿ ಮುಚ್ಚಿಕೊಳ್ಳಿರಿ. ಉಬ್ಬಸವಿದ್ದವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

2. ವೈದ್ಯರು ಹೇಳಿದ ಇನ್‌ಹೇಲರನ್ನು ಚೆನ್ನಾಗಿರುವ ದಿನವೂ ಬಿಡಬೇಡಿರಿ. ಸ್ಟೀರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿರಿ.

3. ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.