ಮರೆವಿನ ಕಾಯಿಲೆ ಮತ್ತು ವಾಸದ ಮನೆ

ಎಪ್ಪತ್ತೆಂಟರ ಪ್ರಾಯದ ನಿವೃತ್ತ ಶಿಕ್ಷಕರೊಬ್ಬರು ನನ್ನಲ್ಲಿ ಮರೆವಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದರು. ಮಗ ಕಟ್ಟಿಸಿದ ಹೊಸ ಮನೆಗೆ ಬಂದ ಮೇಲೆ ಅವರ ಸ್ಥಿತಿ ತೀರ ಹದಗೆಟ್ಟಿತು. ಬಚ್ಚಲಿಗೆ ಹೋಗಲೊಲ್ಲರು; ಬಟ್ಟೆಯಲ್ಲಿಯೇ ಮೂತ್ರವಾಗುತ್ತಿತ್ತು. "ಹಟ ಮಾಡುತ್ತಾರೆ" ಎಂಬುದು ಮನೆಯವರ ದೂರು. ಮೂರು ತಿಂಗಳು ನಾನು ಔಷಧವನ್ನು ಬದಲಿಸುತ್ತಲೇ ಹೋದೆ. ಕೊನೆಗೊಂದು ದಿನ ಅವರ ಮನೆಗೆ ಹೋದಾಗ ಕಾರಣವು ನೆಲದ ಮೇಲೆಯೇ ಇತ್ತು. ಹೊಳೆಯುವ ಬಿಳಿಯ ನೆಲ. ಬಚ್ಚಲ ಬಾಗಿಲ ಮುಂದೆ ಅಂದಕ್ಕಾಗಿ ಕೂಡಿಸಿದ ಒಂದು ಮೊಳ ಅಗಲದ ಕಪ್ಪು ಗ್ರಾನೈಟ್ ಪಟ್ಟಿ. ಹಿರಿಯರ ಕಣ್ಣಿಗೆ ಅದು ಗುಂಡಿಯಾಗಿತ್ತು. ಅಂಚಿನವರೆಗೆ ಬಂದು ಕಾಲು ಹಿಂತೆಗೆಯುತ್ತಿದ್ದರು. ನೆಲದ ಬಣ್ಣದ್ದೇ ಹಾಸನ್ನು ಅದರ ಮೇಲೆ ಅಂಟಿಸಿದ ಮೂರನೆಯ ದಿನದಿಂದ ಅವರು ತಾವಾಗಿಯೇ ಬಚ್ಚಲಿಗೆ ಹೋಗತೊಡಗಿದರು. ಮನೆಯನ್ನು ಮೊದಲೇ ನೋಡಬೇಕಿತ್ತೆಂಬ ಅಳುಕು ನನಗೆ ಇಂದಿಗೂ ಉಂಟು.

2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆಗಳಿಂದಲೂ ಮರೆವು ಬರುವುದುಂಟು. ಅದನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಅದು ಗುಣವಾಗಬಲ್ಲದು. ಉಳಿದಂತೆ, ಅಳಿದ ಸ್ಮೃತಿಯನ್ನು ಪೂರ್ತಿಯಾಗಿ ಮರಳಿ ತರುವ ಔಷಧವು ನನ್ನ ಪದ್ಧತಿಯಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಆದರೆ ಮನೆ ನಮ್ಮ ಕೈಯಲ್ಲಿದೆ.

ಬೆಳಕಿನ ವಿಷಯವನ್ನು ಮೊದಲು ನೋಡೋಣ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟುತ್ತದೆ, ಪಾಪೆಯು ಕಿರಿದಾಗುತ್ತದೆ. ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ. ಮಿದುಳು ಕುಂದಿದವರಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ಆದುದರಿಂದ ಅವರಿಗೆ ಹೊಳೆಯುವ ನೆಲ ನೀರು, ಕಪ್ಪು ಚಾಪೆ ಹಳ್ಳ, ಕನ್ನಡಿಯೊಳಗಿನ ಮುಖ ಮನೆಯೊಳಗೆ ನುಗ್ಗಿದ ಅಪರಿಚಿತ. ಮುಸ್ಸಂಜೆಯಲ್ಲಿ ಅನೇಕರು ಕಳವಳಗೊಂಡು "ನನ್ನ ಮನೆಗೆ ಹೋಗುತ್ತೇನೆ" ಎಂದು ಹೊರಡುತ್ತಾರೆ. ಕತ್ತಲಾಗುವುದಕ್ಕೆ ಮೊದಲೇ ದೀಪ ಹಾಕಿ, ನೆರಳು ಬೀಳದಂತೆ ಪರದೆಗಳನ್ನು ಎಳೆದು, ಕನ್ನಡಿಗೆ ಬಟ್ಟೆ ಹೊದಿಸಿದರೆ ಕಳವಳವು ಎಷ್ಟೋ ಇಳಿಯುತ್ತದೆ.

ಊಟದ ತಟ್ಟೆಯೂ ಇದಕ್ಕೆ ಸೇರಿದ್ದೇ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ತಟ್ಟೆ-ಲೋಟಗಳ ಬದಲು ಗಾಢ ಕೆಂಪಿನವನ್ನು ಕೊಟ್ಟಾಗ ತೀವ್ರ ಮರೆವಿನ ರೋಗಿಗಳ ಆಹಾರ ಸೇವನೆ ಶೇಕಡಾ 25ರಷ್ಟು, ದ್ರವ ಸೇವನೆ ಶೇಕಡಾ 84ರಷ್ಟು ಹೆಚ್ಚಿತು. ಬಿಳಿ ತಟ್ಟೆಯಲ್ಲಿ ಅನ್ನ-ಮಜ್ಜಿಗೆ ಬಡಿಸಿ "ಉಣ್ಣುತ್ತಿಲ್ಲ" ಎಂದು ಗದರುವವರು ಇದನ್ನು ಗಮನಿಸಬೇಕು. ನಮ್ಮ ಬಾಳೆಯೆಲೆಯ ಹಸಿರಿನ ಮೇಲೆ ಬಿಳಿಯ ಅನ್ನ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂಬುದು ಈ ಅಧ್ಯಯನವನ್ನು ಓದಿದ ಮೇಲೆಯೇ ನನಗೆ ಹೊಳೆಯಿತು!

ನೆದರ್ಲೆಂಡ್ಸಿನ ವೇಸ್ಪ್ ಎಂಬಲ್ಲಿ ಇಂಥವರಿಗಾಗಿಯೇ ಕಟ್ಟಿದ ಹೋಗೆವೇಕ್ ಎಂಬ ಊರಿನಂಥ ವಸತಿ 2009ರಿಂದ ಇದೆ. ಆರೇಳು ಮಂದಿಗೊಂದು ಮನೆ, ಮನೆಯಲ್ಲಿಯೇ ಅಡುಗೆ, ಹೊರಗೆ ಬೀದಿ, ತೋಟ, ಅಂಗಡಿ. ಹೊರ ಆವರಣಕ್ಕೆ ಕಾವಲಿದೆ. ಒಳಗೆ ಎಲ್ಲಿಯಾದರೂ ತಿರುಗಾಡಬಹುದು. ಅಷ್ಟು ಹಣ ನಮಗೆಲ್ಲಿಯದು? ಆದರೂ ಅದರ ತತ್ತ್ವ ಹೊಸದಲ್ಲ. ಪಡಸಾಲೆಯಲ್ಲಿ ಕುಳಿತರೆ ಅಡುಗೆಮನೆ, ಅಂಗಳ, ಬಂದುಹೋಗುವವರು ಎಲ್ಲ ಕಾಣುತ್ತಿದ್ದ ಹಳೆಯ ಮನೆಗಳಲ್ಲಿ ಮುದುಕರು ಯಾರಿಗೂ ಭಾರವೆನಿಸದೆ ಸುತ್ತಾಡಿಕೊಂಡಿದ್ದರು. ಹಾಗೆಂದು ಹಳೆಯ ಮನೆಯೆಲ್ಲ ಒಳ್ಳೆಯದೆಂದಲ್ಲ. ಎತ್ತರದ ಹೊಸ್ತಿಲು, ಕತ್ತಲೆಯ ನಡುಮನೆ, ಹಿತ್ತಲಿನ ಬಾವಿ ಇವುಗಳಿಂದ ಬಿದ್ದು ಸೊಂಟ ಮುರಿದವರನ್ನೂ, ಜೀವ ಕಳೆದುಕೊಂಡವರನ್ನೂ ಕಂಡಿದ್ದೇನೆ. ತಿರುಗುವವರನ್ನು ಕೋಣೆಯಲ್ಲಿ ಕೂಡಿಹಾಕಬಾರದು, ಕಟ್ಟಲಂತೂ ಕೂಡದು. ಮನೆಯೊಳಗೆ ಒಂದು ಸುತ್ತು ಬರುವಷ್ಟು ಜಾಗವನ್ನು ಸಾಮಾನುಗಳಿಂದ ತೆರವು ಮಾಡಿ, ಬೀದಿಬಾಗಿಲಿಗೆ ಗಂಟೆ ಕಟ್ಟಿರಿ. ಗ್ಯಾಸಿನ ರೆಗ್ಯುಲೇಟರ್, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳು ಬೀಗದೊಳಗಿರಲಿ.

ಹಿರಿಯರ ಪೂಜೆಯ ಸ್ಥಳವನ್ನು ಮಾತ್ರ ಕದಲಿಸಬೇಡಿರಿ. ಮಗನ ಹೆಸರು ಮರೆತ ತಾಯಿಯೊಬ್ಬರು, ಮಣೆ, ವಿಭೂತಿ, ನೀರಿನ ತಂಬಿಗೆ ಎಂದಿನ ಜಾಗದಲ್ಲಿದ್ದರೆ ಯಾರ ನೆರವೂ ಇಲ್ಲದೆ ಲಿಂಗಪೂಜೆ ಮುಗಿಸುತ್ತಿದ್ದರು. ದಶಕಗಳ ಕಾಲ ಕೈಗೆ ರೂಢಿಯಾದದ್ದು ಕೊನೆಯವರೆಗೆ ಉಳಿಯುವುದುಂಟು. ಉರಿಯುವ ದೀಪದ ಬಳಿ ಒಬ್ಬರು ಇದ್ದರೆ ಸಾಕು.

ಇಂದು ರಾತ್ರಿ ದೀಪ ಆರಿಸಿ ಅವರ ಮಂಚದ ಮೇಲೆ ನೀವೇ ಮಲಗಿ ನೋಡಿರಿ. ಬಚ್ಚಲ ಬಾಗಿಲು ಅಲ್ಲಿಂದ ಕಾಣುತ್ತದೆಯೇ? ಕಾಣದಿದ್ದರೆ ಮಂಚವನ್ನು ತಿರುಗಿಸಿ, ದಾರಿಗೆ ಸಣ್ಣ ದೀಪವಿಟ್ಟು, ಬಾಗಿಲನ್ನು ಅರ್ಧ ತೆರೆದಿಡಿ. ಒಳಚಿಲಕವನ್ನು ತೆಗೆದುಹಾಕಿಸಿ, ಹಾಕಿಕೊಂಡವರಿಗೆ ಅದನ್ನು ತೆಗೆಯುವ ಬಗೆ ಮರೆತುಹೋಗಿರಬಹುದು.