ಜೂನಿಪರ್ ಕಾಯಿ: ಊತಕ್ಕೆ ಮದ್ದೇ?

‘ಡಾಕ್ಟ್ರೇ, ಇದನ್ನು ತಿಂದರೆ ಮೂತ್ರ ಸಲೀಸಾಗಿ ಹೋಗಿ ಕಾಲಿನ ಊತ ಇಳಿಯುತ್ತದೆ ಅಂದರು’ ಎನ್ನುತ್ತಾ ನಿವೃತ್ತ ಶಿಕ್ಷಕರೊಬ್ಬರು ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಗೆ ಬಟಾಣಿ ಗಾತ್ರದ ಕಪ್ಪು ಒಣಕಾಯಿಗಳು. ಒಂದನ್ನು ಹಿಸುಕಿ ಮೂಸಿದೆ. ಟರ್ಪೆಂಟೈನನ್ನು ಹೋಲುವ ಘಾಟು ವಾಸನೆ. ಅದು ಜೂನಿಪರ್ ಕಾಯಿ. ಆಯುರ್ವೇದದಲ್ಲಿ ಇದಕ್ಕೆ ‘ಹಪುಷಾ’ ಎಂದು ಹೆಸರು. ಗ್ರಂಥಿಗೆ ಅಂಗಡಿಯಲ್ಲಿ ಹಾಗೆ ಕೇಳಿದರೆ ಕೊಡುತ್ತಾರೆ.

ಜೂನಿಪರ್ ನಮ್ಮ ಸೀಮೆಯ ಗಿಡವಲ್ಲ. ಯೂರೋಪ್, ಉತ್ತರ ಅಮೆರಿಕ ಹಾಗೂ ನಮ್ಮ ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ ನಿತ್ಯಹಸಿರಿನ ಪೊದೆ. ಪೈನ್ ಮರದ ದೂರದ ಬಂಧು. ಎಲೆಗಳು ಸೂಜಿಯಂತೆ ಚುಚ್ಚುತ್ತವೆ. ನಾವು ಕಾಯಿ ಎನ್ನುವುದು ಸಸ್ಯಶಾಸ್ತ್ರದ ಪ್ರಕಾರ ಕಾಯಿಯೇ ಅಲ್ಲ, ಪೈನ್ ಮರದ ಶಂಕುವೇ ಇಲ್ಲಿ ತಿರುಳು ತುಂಬಿಕೊಂಡು ದುಂಡಗಾಗಿರುತ್ತದೆ. ಅದು ಹಸಿರಿನಿಂದ ಕಪ್ಪು-ನೀಲಿಗೆ ತಿರುಗಿ ಮಾಗಲು ಎರಡು-ಮೂರು ವರ್ಷ ಬೇಕು. ಲಡಾಖಿನಲ್ಲಿ ಜೂನಿಪರನ್ನು ‘ಶುಕ್ಪಾ’ ಎನ್ನುತ್ತಾರೆ. ಬೌದ್ಧ ಮಠಗಳಲ್ಲಿ, ಮನೆಗಳಲ್ಲಿ ಅದರ ಎಲೆಯ ಧೂಪ ಹಾಕುತ್ತಾರೆ. ಯೂರೋಪಿನಲ್ಲಿ ಪ್ಲೇಗಿನ ಕಾಲದಲ್ಲಿ ಗಾಳಿ ಶುದ್ಧವಾಗಲೆಂದು ಇದನ್ನು ಸುಡುತ್ತಿದ್ದರು. ಪ್ಲೇಗು ಹರಡುತ್ತಿದ್ದುದು ಮುಖ್ಯವಾಗಿ ಚಿಗಟದಿಂದ; ಹೊಗೆಯಿಂದ ಎಷ್ಟು ಜನ ಉಳಿದರೋ ದೇವರೇ ಬಲ್ಲ.

ಜರ್ಮನರು ಹುಳಿ ಬರಿಸಿದ ಎಲೆಕೋಸಿಗೂ ಮಾಂಸದ ಅಡುಗೆಗೂ ನಾಲ್ಕಾರು ಕಾಯಿ ಜಜ್ಜಿ ಹಾಕುತ್ತಾರೆ. ಜಿನ್ ಎಂಬ ಮದ್ಯಕ್ಕೆ ಅದರ ಪರಿಮಳವೂ ಹೆಸರೂ ಬಂದದ್ದು ಈ ಗಿಡದಿಂದಲೇ. ಜಿನ್ ಕುಡಿದರೆ ಮೂತ್ರಪಿಂಡ ತೊಳೆದಂತಾಗುತ್ತದೆ ಎಂದು ವಾದಿಸುವವರನ್ನು ಕಂಡಿದ್ದೇನೆ. ಬೀರಿನಿಂದ ಕಲ್ಲು ಕರಗುತ್ತದೆ ಎನ್ನುವವರ ದಾಯಾದಿಗಳು ಇವರು!

ಔಷಧಿಯಾಗಿ ಇದರ ಗುಣ ಪೂರ್ತಿ ಸುಳ್ಳಲ್ಲ. ಅಜೀರ್ಣ, ಹೊಟ್ಟೆಯುಬ್ಬರಕ್ಕೆ ಅಲ್ಪ ಪ್ರಮಾಣದಲ್ಲಿ ಬಳಸಲು ಜರ್ಮನಿಯ ಗಿಡಮೂಲಿಕೆ ತಜ್ಞರ ಸಮಿತಿಯೇ ಒಪ್ಪಿಗೆ ನೀಡಿತ್ತು. ಆದರೆ ವೈದ್ಯರನ್ನು ಕೇಳದೆ 4 ವಾರಕ್ಕಿಂತ ಹೆಚ್ಚು ಸೇವಿಸಬಾರದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ಜೂನಿಪರಿನ ಇನ್ನೊಂದು ಜಾತಿಯ ಕಟ್ಟಿಗೆಯಿಂದ ಇಳಿಸಿದ ಕಪ್ಪು ಡಾಂಬರಿನಂಥ ಎಣ್ಣೆಯನ್ನು ಹಿಂದೆ ಇಸುಬು, ಸೋರಿಯಾಸಿಸ್‌ಗೆ ಹಚ್ಚುತ್ತಿದ್ದರು.

ಇನ್ನು ಮೂತ್ರದ ವಿಷಯ. ಕಾಯಿಯ ಎಣ್ಣೆಯಲ್ಲಿರುವ ಕೆಲವು ಅಂಶಗಳು ಮೂತ್ರದ ಪ್ರಮಾಣವನ್ನು ಹೆಚ್ಚಿಸುತ್ತವೆ. ಆದರೆ ಮೂತ್ರ ಹೆಚ್ಚು ಹೋಯಿತು ಎಂದರೆ ಮೂತ್ರಪಿಂಡ ಚೆನ್ನಾಗಿದೆ ಎಂದರ್ಥವಲ್ಲ. ಆರೋಗ್ಯವಂತರಲ್ಲಿ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಸೋಸುವ ಶಕ್ತಿ ಅರ್ಧಕ್ಕಿಂತ ಕಡಿಮೆಯಾದ ರೋಗಿಗೂ ಮೂತ್ರ ಧಾರಾಳವಾಗಿ ಹೋಗುತ್ತಿರಬಹುದು. ನೀರು ಹೋಗುತ್ತದೆ, ಕಶ್ಮಲ ಒಳಗೇ ಉಳಿಯುತ್ತದೆ. ಅಂಥವರಿಗೆ ಈ ಎಣ್ಣೆ ಕೊಟ್ಟರೆ ಮೊದಲೇ ಸೋತಿರುವ ಅಂಗವನ್ನು ಇನ್ನಷ್ಟು ಕೆರಳಿಸಿದಂತೆ.

ನಮ್ಮ ಶಿಕ್ಷಕರಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಆರು ವಾರದಿಂದ ದಿನಾ ಬೆಳಿಗ್ಗೆ ಎರಡು ಚಮಚ ಪುಡಿ. ಅದಕ್ಕಿಂತ ಕೆಟ್ಟ ಸಂಗತಿ, ‘ಇದೊಂದೇ ಸಾಕು’ ಎಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ್ದರು. ಒತ್ತಡ 180/110 ಇತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ರಕ್ತದ ಕ್ರಿಯಾಟಿನಿನ್ ಸುಮಾರು 1.2ರೊಳಗೆ ಇರಬೇಕಾದದ್ದು 3.4ಕ್ಕೆ ಏರಿತ್ತು. ಇದಕ್ಕೆಲ್ಲ ಕಾಯಿಯೇ ಕಾರಣ ಎಂದು ನಾನು ಹೇಳಲಾರೆ. ಕಾಲಿನ ಊತ ಶುರುವಾದಾಗಲೇ ಮೂತ್ರಪಿಂಡ ಸೋತಿದ್ದಿರಬೇಕು. ಆ ಊತವೇ ಒಂದು ಸೂಚನೆ. ಅದನ್ನು ಇಳಿಸಲು ಹೋಗಿ ಆರು ವಾರ ಕಳೆದುಕೊಂಡರು. ಕಾಯಿ ಬಿಡಿಸಿ, ಮಾತ್ರೆ ಮತ್ತೆ ಆರಂಭಿಸಿ, ಉಪ್ಪು ಕಡಿಮೆ ಮಾಡಿಸಿ ಮೂತ್ರಪಿಂಡ ತಜ್ಞರ ಬಳಿ ಕಳಿಸಿದೆ. ಒಂದು ತಿಂಗಳಿಗೆ ಕ್ರಿಯಾಟಿನಿನ್ 2.6ಕ್ಕೆ ಬಂತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಗರ್ಭಿಣಿಯರು ಈ ಕಾಯಿಯನ್ನು ಮುಟ್ಟಲೇಬಾರದು. ಗರ್ಭಪಾತಕ್ಕೆ ಇದನ್ನು ಹಿಂದಿನವರು ಬಳಸುತ್ತಿದ್ದರು. ‘ಸಾವಿನ್’ ಎಂಬ ಜಾತಿಯಂತೂ ವಿಷವೇ. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೂ ಇದು ಬೇಡ. ಸಕ್ಕರೆ ಇಳಿಸುತ್ತದೆ ಎಂಬ ಮಾತು ಹುಟ್ಟಿದ್ದು ಇಲಿಗಳ ಮೇಲಿನ ಪ್ರಯೋಗದಿಂದ, ಅದನ್ನು ನೆಚ್ಚಿ ಇನ್ಸುಲಿನ್ ಬಿಡಬೇಡಿ. ಬೆಂಗಳೂರಿನ ನರ್ಸರಿಗಳಲ್ಲಿ ಅಂದಕ್ಕೆ ಮಾರುವ ಜೂನಿಪರ್ ಬೇರೆ ಜಾತಿಯದು. ಕುಂಡದಲ್ಲಿ ಕಾಯಿ ಬಿಟ್ಟಿತೆಂದು ಬಾಯಿಗೆ ಹಾಕಿಕೊಳ್ಳುವಂತಿಲ್ಲ.

ಎರಡೂ ಕಾಲು ಊದಿಕೊಂಡರೆ, ಬೆಳಿಗ್ಗೆ ಎದ್ದಾಗ ರೆಪ್ಪೆ ದಪ್ಪಗಾಗಿದ್ದರೆ, ಮೂತ್ರದಲ್ಲಿ ನೊರೆ ನಿಂತರೆ ಮೊದಲು ರಕ್ತದೊತ್ತಡ ನೋಡಿಸಿ. ಮೂತ್ರ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಹೃದಯ, ಯಕೃತ್ತಿನ ತೊಂದರೆಯಿಂದಲೂ ಊತ ಬರುವುದರಿಂದ ಅವನ್ನೂ ನೋಡಬೇಕಾಗುತ್ತದೆ. ಯಾವುದೇ ಕಷಾಯ, ಪುಡಿ ಸೇವಿಸುತ್ತಿದ್ದರೆ ಸಂಕೋಚಪಡದೆ ಪೊಟ್ಟಣವನ್ನೇ ತನ್ನಿ. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ನಾವು ವೈದ್ಯರು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಅನುಕೂಲವೇನೋ!

ಶಿಕ್ಷಕರ ಮನೆಯಲ್ಲಿ ಉಳಿದಿದ್ದ ಅರ್ಧ ಕಿಲೋ ಕಾಯಿಯನ್ನು ಅವರ ಶ್ರೀಮತಿಯವರು ಸಂಜೆ ಹೊತ್ತು ಸಾಂಬ್ರಾಣಿಯ ಜೊತೆ ಕೆಂಡಕ್ಕೆ ಹಾಕಿ ಮುಗಿಸಿದರಂತೆ.